ಮಿಸ್ಡ್ ಕಾಲ್‌ಗೆ ವಾಪಸ್ ಫೋನ್ ಮಾಡುವ ಮುನ್ನ

ನಮ್ಮ ಕರಾವಳಿಯಲ್ಲಿ ವಿದೇಶದ ನಂಬರ್ ಕಂಡರೆ ಯಾರೂ ಬೆಚ್ಚುವುದಿಲ್ಲ. ಭಟ್ಕಳ, ಹೊನ್ನಾವರ ಕಡೆಯ ಎಷ್ಟೋ ಮನೆಯವರು ಗಲ್ಫ್‌ನಲ್ಲಿದ್ದಾರೆ. ಒಂದು ರಿಂಗ್ ಆಗಿ ಕಟ್ ಆದರೆ ಸಾಕು, ‘ಮಗಂದೇ ಇರಬೇಕು’ ಅಂತ ವಾಪಸ್ ಫೋನ್ ಮಾಡುತ್ತಾರೆ. ಫೋನ್ ಬಿಲ್ ಯಾಕೆ ಜಾಸ್ತಿ ಬಂತು ಅಂತ ನನ್ನ ಮೊಬೈಲ್ ಅಂಗಡಿಗೆ ಬಂದವರ ಫೋನ್‌ನಲ್ಲಿ ನಾನು ಮೊದಲು ನೋಡುವುದೇ ಅವರು ಮಾಡಿದ ಕರೆಗಳನ್ನು.

ಕುವೈತ್ ಕೋಡ್ 965, ಒಮಾನ್ 968. ಆದರೆ 960 ಅಂದರೆ ಮಾಲ್ಡೀವ್ಸ್. ಅವಸರದಲ್ಲಿ ಯಾರು ನೋಡುತ್ತಾರೆ? ಹೀಗೆ ಮೋಸಕ್ಕೆ ಮಿಸ್ಡ್ ಕಾಲ್ ಕೊಟ್ಟವನಿಗೆ ಖರ್ಚಿಲ್ಲ. ನೀವು ವಾಪಸ್ ಮಾಡಿದರೆ ನಿಮಿಷದ ಲೆಕ್ಕದಲ್ಲಿ ಬೀಳುವ ಐಎಸ್‌ಡಿ ದುಡ್ಡಿನಲ್ಲಿ ಅವನಿಗೂ ಪಾಲು. ಅದಕ್ಕೇ ಆ ಕಡೆ ಹಾಡು ಹಾಕಿ ಕಾಯಿಸುವುದು. ಪೋಸ್ಟ್‌ಪೇಯ್ಡ್ ಇದ್ದವರು, ಬೇಡವಾದರೆ ಐಎಸ್‌ಡಿ ಬಂದ್ ಮಾಡಿಸಿ. ದುಬೈನಲ್ಲಿರುವ ಮಗ ಮಾತಾಡುವುದು ಹೇಗೂ ಬೋಟಿಮ್ ಆ್ಯಪ್‌ನಲ್ಲಿ ಅಲ್ವಾ?

ನನಗೆ ಇದಕ್ಕಿಂತ ಹೆದರಿಕೆ ಇನ್ನೊಂದರದ್ದು. ಶಿರಸಿ, ಸಿದ್ದಾಪುರದ ಒಳಗಿನ ಊರುಗಳಲ್ಲಿ ಕೊರಿಯರ್‌ನವರು ದಾರಿ ಕೇಳಿ ಫೋನ್ ಮಾಡುವುದು ಮಾಮೂಲು. ಹಾಗಾಗಿ ‘ಪಾರ್ಸೆಲ್ ಬಂದಿದೆ, ಅಡ್ರೆಸ್ ಸಿಗ್ತಿಲ್ಲ, ಈ ನಂಬರ್ ಒತ್ತಿ’ ಅಂದರೆ ಜನ ನಂಬುತ್ತಾರೆ. ಆ ಮೋಸಗಾರ ಒತ್ತಿಸುವುದು *401* ಅಥವಾ *21*, ಅದರ ಮುಂದೆ ಒಂದು ಮೊಬೈಲ್ ನಂಬರ್. ಅಲ್ಲಿಗೆ ನಿಮಗೆ ಬರುವ ಕರೆಗಳೆಲ್ಲ ಅವನಿಗೆ ಹೋಗುತ್ತವೆ. ಎಸ್‌ಎಂಎಸ್ ಹೋಗುವುದಿಲ್ಲ. ಆದರೆ ವಾಟ್ಸ್‌ಆಪ್ ತನ್ನ ಖಾತೆ ತೆರೆಯುವ ಕೋಡನ್ನು ಫೋನ್ ಮಾಡಿಯೂ ಹೇಳುತ್ತದೆ. ಅವನು ಕಾಯುವುದು ಆ ಕರೆಗೆ. ಆಮೇಲೆ ನಿಮ್ಮ ಹೆಸರಲ್ಲಿ ನೆಂಟರಿಷ್ಟರಿಗೆಲ್ಲ ‘ಅರ್ಜೆಂಟ್ ದುಡ್ಡು ಬೇಕು’ ಅಂತ ಮೆಸೇಜ್. ಒಂದಿಡೀ ದಿನ ಫೋನ್ ರಿಂಗೇ ಆಗದಿದ್ದರೆ ನೆಟ್‌ವರ್ಕ್ ಇಲ್ಲ ಅಂತ ಸುಮ್ನೆ ಕೂರಬೇಡಿ. ನಮ್ಮ ಘಟ್ಟದ ಕಡೆ ಆ ಅನುಮಾನವೇ ಮೊದಲು ಬರುತ್ತದೆ, ಬಿಡಿ. ##002# ಒತ್ತಿ ಡಯಲ್ ಮಾಡಿ. ಫಾರ್ವರ್ಡ್ ಎಲ್ಲ ರದ್ದಾಗುತ್ತದೆ. ವಾಟ್ಸ್‌ಆಪ್‌ಗೆ ಎರಡು ಹಂತದ ಪಿನ್ ಹಾಕಿಡಿ.

ಕಾಲರ್ ಟ್ಯೂನ್, ಜಾತಕ, ಕ್ರಿಕೆಟ್ ಅಂತ ದುಡ್ಡು ಕಟ್ ಆಗುತ್ತಿದ್ದರೆ 155223ಕ್ಕೆ ಸ್ಟಾಪ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಎಸ್‌ಎಂಎಸ್ ಕಳಿಸಿ.

ಖಾತೆಯಿಂದಲೇ ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೆಳಿಗ್ಗೆ ಕಾರವಾರಕ್ಕೆ ಹೋಗಿ ಕಂಪ್ಲೇಂಟ್ ಕೊಡೋಣ ಅಂತ ಕಾದರೆ ಆ ದುಡ್ಡು ಅಷ್ಟರಲ್ಲಿ ನಾಲ್ಕಾರು ಖಾತೆ ದಾಟಿರುತ್ತದೆ. ದುಡ್ಡು ಹೋಗಿಲ್ಲ, ಬರೀ ಅನುಮಾನದ ಕರೆ ಬಂದಿದೆ ಅಂದರೆ ಸರ್ಕಾರದ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ವೆಬ್‌ಸೈಟಿನ ಚಕ್ಷು ವಿಭಾಗದಲ್ಲಿ ಆ ನಂಬರ್ ಹಾಕಿ.