ಮೇಷ್ಟ್ರ ವೇಟಿಂಗ್ ಲಿಸ್ಟ್ ಭಯ ಮತ್ತು ಯುರೋಪಿನ ರೈಲು

ಹೋದ ವರ್ಷ ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಟ್ರಾವೆಲ್ ಆಫೀಸಿಗೆ ಬಂದಿದ್ದರು. ಅವರು, ಮನೆಯವರು, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗ. ಪ್ಯಾರಿಸ್, ಲುಸರ್ನ್, ವೆನಿಸ್, ಫ್ಲಾರೆನ್ಸ್, ರೋಮ್ ಎಂದು ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದುಕೊಂಡಿದ್ದರು. ಕೂತವರೇ ಕೇಳಿದರು, "ಟಿಕೆಟ್ ಕನ್ಫರ್ಮ್ ಆಗುತ್ತೇನಪ್ಪಾ, ಇಲ್ಲಾ ವೇಟಿಂಗ್ ಲಿಸ್ಟಾ?"

ಈ ಪ್ರಶ್ನೆ ನನಗೆ ಹೊಸದಲ್ಲ. ನಮ್ಮಲ್ಲಿ ದರ ಹೆಚ್ಚುಕಮ್ಮಿ ಗೊತ್ತಿರುತ್ತದೆ, ಸಿಗದೇ ಇರುವುದು ಸೀಟು. ಅದಕ್ಕೇ 60 ದಿನ ಮೊದಲು ಬೆಳಿಗ್ಗೆ 8 ಗಂಟೆಗೆ ಫೋನ್ ಹಿಡಿದು ಕೂರುತ್ತೇವೆ. ಯುರೋಪಿನಲ್ಲಿ ಉಲ್ಟಾ. ಹಿಂದಿನ ದಿನ ನೋಡಿದರೂ ಸಾಮಾನ್ಯವಾಗಿ ಸೀಟು ಇರುತ್ತದೆ, ಆದರೆ ಮೊದಲಿದ್ದ ದರ ಇರುವುದಿಲ್ಲ. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ನಾಲ್ಕು ಗಂಟೆಯ ದಾರಿ. ಇದೇ ರೈಲಿಗೆ ನಾನು 40 ಯೂರೋ ಆಸುಪಾಸಿನಲ್ಲೂ ಟಿಕೆಟ್ ತೆಗೆದಿದ್ದೇನೆ, ತಡವಾಗಿ ಬಂದವರಿಗೆ 120 ದಾಟಿ ಕೊಟ್ಟಿದ್ದೂ ಇದೆ. ಐದು ಜನಕ್ಕೆ ಲೆಕ್ಕ ಹಾಕಿ ನೋಡಿ.

ಹಾಗಂತ ಎಲ್ಲವನ್ನೂ ಮೊದಲೇ ಬುಕ್ ಮಾಡಿ ಕೂರಬೇಕಿಲ್ಲ. ಫ್ರಾನ್ಸ್‌ನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ ಮತ್ತು ಇತಾಲೋ ಎಂಬ ಅತಿವೇಗದ ರೈಲುಗಳು, ಗಡಿ ದಾಟುವ ರೈಲುಗಳು, ಇವು ಬೇಗ ತೆಗೆದುಕೊಳ್ಳಬೇಕಾದವು. ಸ್ವಿಟ್ಜರ್ಲೆಂಡಿನ ಒಳಗೆ ಆ ಗಡಿಬಿಡಿ ಬೇಡ. ಜ್ಯೂರಿಕ್‌ನಿಂದ ಲುಸರ್ನ್ ಮುಕ್ಕಾಲು ಗಂಟೆ, ಅರ್ಧ ಗಂಟೆಗೊಂದು ರೈಲು, ಸೀಟು ರಿಸರ್ವೇಶನ್ ಬೇಕಿಲ್ಲ. ಸುಮ್ನೆ ಹತ್ತಿ ಕೂರುವುದು, ಬಿಎಂಟಿಸಿ ಬಸ್ಸಿನ ಹಾಗೆ.

ಅಳಿಯನ ತಲೆಯಲ್ಲಿ ಯೂರೇಲ್ ಪಾಸ್, ಅಂದರೆ ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯುವ ಒಂದೇ ಪಾಸು, ಕೂತುಬಿಟ್ಟಿತ್ತು. "ಒಂದು ಪಾಸ್ ತಗೊಂಡ್ರೆ ಮುಗೀತಲ್ವಾ ಸಾರ್?" ಅಂದರು. ಅವರ ಮುಂದೆಯೇ ಲೆಕ್ಕ ಬರೆದೆ. ಒಂದು ತಿಂಗಳಲ್ಲಿ ನಾಲ್ಕು ದಿನ ಓಡಾಡುವ ಪಾಸು ದೊಡ್ಡವರಿಗೆ ಹತ್ತಿರ ಹತ್ತಿರ 300 ಯೂರೋ. 60 ದಾಟಿದವರಿಗೆ ಶೇ. 10 ಕಡಿಮೆ, 4ರಿಂದ 11 ವರ್ಷದ ಮಕ್ಕಳಿಗೆ ಪಾಸು ಉಚಿತ. ಆದರೆ ಪಾಸಿದ್ದರೂ ಟಿಜಿವಿ, ಫ್ರೆಚ್ಚಾರೋಸ್ಸಾಗಳಲ್ಲಿ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಪಾಸು ಉಚಿತವಾದ ಮೊಮ್ಮಗನೂ ಕೊಡಬೇಕು. ಬಿಡಿ ಟಿಕೆಟ್‌ಗಳೆಲ್ಲ ಸೇರಿ ಪಾಸಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತವು. ದಿನಕ್ಕೊಂದು ಊರು ನೋಡುವ, ಎಲ್ಲಿ ಇಳಿಯುತ್ತೇವೆ ಎಂದು ತಮಗೇ ಗೊತ್ತಿಲ್ಲದ ಹುಡುಗರಿಗೆ ಪಾಸು ಒಳ್ಳೆಯದು. ಐದು ಊರು, ಗೊತ್ತಿರುವ ತಾರೀಖು, ಜೊತೆಗೆ ವಯಸ್ಸಾದವರು ಇದ್ದರೆ ನಾನು ಪಾಸು ಕೊಡುವುದಿಲ್ಲ.

ಇನ್ನು ವೀಸಾ. ಕಡಿಮೆ ದರದ ಟಿಕೆಟ್ ಎಂದರೆ ದುಡ್ಡು ವಾಪಸ್ ಬರದ ಟಿಕೆಟ್. ವೀಸಾ ಸಿಗುವ ಮೊದಲೇ ಅದನ್ನು ಕೊಂಡು, ಆಮೇಲೆ ವೀಸಾ ಸಿಗದೆ ಕೈಸುಟ್ಟುಕೊಂಡವರನ್ನು ನೋಡಿದ್ದೇನೆ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಮೂರಕ್ಕೂ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಹಾಗಾಗಿ ಮೊದಲು ವೀಸಾ, ಅದು ಕೈಗೆ ಬಂದ ಸಂಜೆಯೇ ರೈಲು. ಅರ್ಜಿಯ ಜೊತೆ ದಿನವಾರು ಪ್ಲ್ಯಾನ್ ಬರೆದು, ಯಾವ ರೈಲು ಎಂದು ನಮೂದಿಸಿ ಇಡುತ್ತೇನೆ, ಅಷ್ಟೇ. ಮಧ್ಯೆ ಲಂಡನ್ ಸೇರಿಸಬೇಕು ಅನ್ನುವವರಿಗೆ ಇನ್ನೊಂದು ಮಾತು. ಅದಕ್ಕೆ ಬ್ರಿಟನ್ನಿನ ಬೇರೆ ವೀಸಾ ಬೇಕು. ಲಂಡನ್‌ಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರುವುದಾದರೆ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದಾಗಿರಬೇಕು.

ಈಗ ನನ್ನದೇ ಒಂದು ತಪ್ಪು. ಈ ಕೆಲಸಕ್ಕೆ ಬಂದ ಹೊಸತು. ವೆನಿಸ್‌ಗೆ ಟಿಕೆಟ್ ಹುಡುಕುವಾಗ ಎರಡು ಹೆಸರು ಬಂದವು, ವೆನೆಜಿಯಾ ಮೆಸ್ತ್ರೆ ಮತ್ತು ವೆನೆಜಿಯಾ ಸಾಂತಾ ಲೂಚಿಯಾ. ಮೆಸ್ತ್ರೆಗೆ ಎರಡು ಯೂರೋ ಕಡಿಮೆ ಇತ್ತು, ತೆಗೆದುಬಿಟ್ಟೆ. ರಾತ್ರಿ ಒಂದು ಗಂಟೆಗೆ ಫೋನ್. "ಸಾರ್, ಇಲ್ಲಿ ನೀರೇ ಇಲ್ಲ! ಬರೀ ಬಸ್ಸು, ಕಾರು!" ಮೆಸ್ತ್ರೆ ಇರುವುದು ದಡದಲ್ಲಿ. ದೋಣಿ, ಕಾಲುವೆಗಳ ವೆನಿಸ್‌ಗೆ ಇನ್ನೂ ಹತ್ತು ನಿಮಿಷ ಸೇತುವೆ ಮೇಲೆ ಹೋಗಬೇಕು. ಅವತ್ತಿನಿಂದ ದರಕ್ಕಿಂತ ಮೊದಲು ಸ್ಟೇಷನ್ ಹೆಸರು ಓದುತ್ತೇನೆ. ಫ್ಲಾರೆನ್ಸ್ ಅಲ್ಲಿ ಫಿರೆಂಜೆ, ಊರ ನಡುವಿನ ಸ್ಟೇಷನ್ ಸಾಂತಾ ಮರಿಯಾ ನೊವೆಲ್ಲಾ. ರೋಮ್‌ನಲ್ಲಿ ತೆರ್ಮಿನಿ ಬೇರೆ, ತಿಬುರ್ತಿನಾ ಬೇರೆ. ಪ್ಯಾರಿಸ್‌ನಲ್ಲಂತೂ ದಿಕ್ಕಿಗೊಂದು. ಲಂಡನ್ ಕಡೆಗೆ ಗಾರ್ ದು ನಾರ್, ಸ್ವಿಟ್ಜರ್ಲೆಂಡ್ ಕಡೆಗೆ ಗಾರ್ ದ ಲಿಯೋಂ. ಟಿಜಿವಿಗೆ ಹೊರಡಲು ಎರಡು ನಿಮಿಷ ಇರುವಾಗ ಗೇಟು ಮುಚ್ಚುತ್ತಾರೆ. ಓಡಿ ಬಂದು ಹತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಲುಸರ್ನ್‌ನಿಂದ ವೆನಿಸ್‌ಗೆ ಮಿಲಾನ್‌ನಲ್ಲಿ ರೈಲು ಬದಲಿಸಬೇಕಿತ್ತು. ಎರಡು ಬೇರೆ ಬೇರೆ ಟಿಕೆಟ್. ಮೊದಲನೆಯದು ತಡವಾದರೆ ಎರಡನೆಯ ಅಗ್ಗದ ಟಿಕೆಟ್ ಬರೀ ಕಾಗದ. ಸ್ವಿಟ್ಜರ್ಲೆಂಡಿನ ಒಳಗೆ ಆರು ನಿಮಿಷದಲ್ಲಿ ರೈಲು ಬದಲಿಸಬಹುದು, ಮಿಲಾನ್‌ನಲ್ಲಿ ನಾನು ಎರಡು ಗಂಟೆ ಬಿಡುತ್ತೇನೆ. ಆ ದಾರಿಯಲ್ಲಿ ಮೊಮ್ಮಗನಿಗೆ ಕಿಟಕಿ ಸೀಟೇ ಬೇಕೆಂದು ಹಠ. ಕೊಡಿಸಿದೆ. 2016ರಲ್ಲಿ ತೆರೆದ ಗೊಟ್‌ಹಾರ್ಡ್ ಸುರಂಗ ಬರುವುದೂ ಅಲ್ಲೇ, 57 ಕಿಲೋಮೀಟರ್ ಪೂರಾ ಕತ್ತಲೆ!

ದುಡ್ಡು ಕಟ್ಟುವಾಗ ಅಳಿಯನ ಕಾರ್ಡ್ ಮೂರು ಸಲ ವಾಪಸ್ ಬಂತು. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆನ್ ಆಗಿರಲಿಲ್ಲ. ಅದಾದ ಮೇಲೆ ಹೆಸರಿನ ತೊಡಕು. ಮೇಷ್ಟ್ರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಊರು, ಅಪ್ಪನ ಹೆಸರು ಇನಿಷಿಯಲ್ ಆಗಿರುವ ನಮ್ಮವರಲ್ಲಿ ಇದು ಜಾಸ್ತಿ. ವೆಬ್‌ಸೈಟ್ ಮಾತ್ರ ಅದನ್ನು ತುಂಬದೆ ಮುಂದೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ಹೆಸರಿನಲ್ಲಿ ಎರಡು ಪದ ಇದ್ದರೆ ಒಂದನ್ನು ಆ ಜಾಗಕ್ಕೆ ಹಾಕುತ್ತೇನೆ, ಒಂದೇ ಇದ್ದರೆ ಅದನ್ನೇ ಎರಡು ಕಡೆ. ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರು ಮಾತ್ರ ಸೇರಿಸುವುದಿಲ್ಲ.

ಟಿಕೆಟ್‌ಗಳೆಲ್ಲ ಫೋನಿಗೆ ಬಂದವು. ಮೇಷ್ಟ್ರು ಅಷ್ಟನ್ನೂ ಪ್ರಿಂಟ್ ತೆಗೆಸಿ, ಪಂಚ್ ಮಾಡಿ, ಫೈಲಿಗೆ ಹಾಕಿಕೊಂಡರು. "ಫೋನ್‌ನಲ್ಲಿ ಇದ್ರೆ ಸಾಕು ಸಾರ್" ಅಂದೆ. "ಇರ್ಲಿ ಬಿಡಪ್ಪಾ, ಚಾರ್ಜ್ ಹೋದ್ರೆ ಅಲ್ಲಿ ಯಾರನ್ನ ಕೇಳ್ಲಿ?" ಅಂದರು. ಇನ್ನೊಂದು ಸೆಟ್ ತೆಗೆದು ಮಗಳ ಬ್ಯಾಗಿಗೂ ಹಾಕಿಸಿದೆ.