ಓದುವ ಕಣ್ಣನ್ನು ತಡೆದು ನಿಲ್ಲಿಸುವ ಕಲೆ

ಅಕ್ಷರ ಬಲ್ಲವರು ಕಣ್ಣೆದುರಿಗೆ ಬಂದ ಪದವನ್ನು ಓದದೆ ಇರಲಾರರು. ಆಕಾರವನ್ನು ಗಮನಿಸುವ ಮೊದಲೇ ಅರ್ಥ ತಲೆಗೆ ಹೊಕ್ಕಿರುತ್ತದೆ. ಪದಗಳನ್ನೇ ದೃಶ್ಯಕಲೆಯ ಸಾಮಗ್ರಿಯಾಗಿ ಬಳಸುವವರ ಕೆಲಸವೆಲ್ಲ ಈ ಅವಸರದೊಡನೆ ನಡೆಸುವ ಸೆಣಸಾಟವೇ ಆಗಿದೆ. ಪ್ರದರ್ಶನಗಳನ್ನು ಸಂಯೋಜಿಸುವ ನಾನು ಇಂಥ ಕೃತಿಯಲ್ಲಿ ಮೊದಲು ಹುಡುಕುವುದು ಓದು ಎಲ್ಲಿ, ಯಾವ ಕಾರಣಕ್ಕೆ ತಡೆದು ನಿಲ್ಲುತ್ತದೆ ಎಂಬುದನ್ನು.

ಅಮೆರಿಕದ ಗ್ಲೆನ್ ಲೈಗನ್ 1990ರಲ್ಲಿ ಬಾಗಿಲಿನ ಅಳತೆಯ ಹಲಗೆಯೊಂದರ ಮೇಲೆ, ಬಿಳಿಯ ಹಿನ್ನೆಲೆಯಲ್ಲಿ ಕಪ್ಪುವರ್ಣದವರಿಗೆ ತಮ್ಮ ಬಣ್ಣದ ಅರಿವು ತೀವ್ರವಾಗುವುದನ್ನು ಕುರಿತ ಒಂದೇ ವಾಕ್ಯವನ್ನು ಸ್ಟೆನ್ಸಿಲ್ ಇಟ್ಟು ಮತ್ತೆ ಮತ್ತೆ ಬರೆದರು. ಮೇಲಿನ ಸಾಲುಗಳು ಸ್ಪಷ್ಟವಾಗಿವೆ. ಕೆಳಗಿಳಿದಂತೆ ಕಪ್ಪು ಬಣ್ಣ ಮೆತ್ತಿಕೊಂಡು, ಅಂಚುಗಳು ಕಲಸಿ, ಕೊನೆಗೆ ವಾಕ್ಯವೇ ಕರಿಯ ಕಲೆಯಾಗಿ ಮುಳುಗುತ್ತದೆ. ವಾಕ್ಯ ಹೇಳುವುದನ್ನು ಬಣ್ಣವೂ ಮಾಡಿ ತೋರಿಸುವುದರಿಂದ ಇಲ್ಲಿ ಅಸ್ಪಷ್ಟತೆ ಅಲಂಕಾರವೆನಿಸುವುದಿಲ್ಲ.

ಚೀನಾದ ಷು ಬಿಂಗ್ ಅವರ ದಾರಿ ಇನ್ನೂ ಕಠಿಣವಾದದ್ದು. 1987ರಿಂದ 1991ರವರೆಗೆ ಅವರು ಚೀನೀ ಲಿಪಿಯಂತೆಯೇ ಕಾಣುವ, ಆದರೆ ಯಾವ ಅರ್ಥವೂ ಇಲ್ಲದ ಸುಮಾರು 4,000 ಅಕ್ಷರಗಳನ್ನು ತಾವೇ ಕಲ್ಪಿಸಿ, ಮರದ ಅಚ್ಚುಗಳಲ್ಲಿ ಕೆತ್ತಿ, ಹಳೆಯ ಕ್ರಮದ ಗ್ರಂಥಗಳಾಗಿಯೂ ಚಾವಣಿಯಿಂದ ಇಳಿಬಿಟ್ಟ ಸುರುಳಿಗಳಾಗಿಯೂ ಮುದ್ರಿಸಿದರು. ಚೀನೀ ಭಾಷೆ ಬಾರದವರು ಇದೊಂದು ಪ್ರಾಚೀನ ಗ್ರಂಥವೆಂದುಕೊಂಡು ನೆಮ್ಮದಿಯಿಂದ ಮುಂದೆ ಸಾಗಬಹುದು, ಬಲ್ಲವರೇ ತಬ್ಬಿಬ್ಬಾಗುತ್ತಾರೆ. ಅಕ್ಷರಜ್ಞಾನವೇ ನೋಡುಗರನ್ನು ಕಂಗೆಡಿಸುವ ಇಂಥ ಕೃತಿಗಳು ವಿರಳ.

ಅಮೆರಿಕದ ಕಲಾವಿದೆ ಜೆನ್ನಿ ಹೋಲ್ಜರ್ 1982ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ವಿದ್ಯುತ್ ಫಲಕದಲ್ಲಿ ತಮ್ಮ ವಾಕ್ಯಗಳನ್ನು ಬೆಳಗಿಸಿದಾಗ, ಓದಿನ ವೇಗವನ್ನು ಓದುಗರ ಕೈಯಿಂದ ಕಸಿದುಕೊಂಡು ಫಲಕಕ್ಕೆ ಒಪ್ಪಿಸಿದರು. ಸುಂದರ ಅಕ್ಷರವಿನ್ಯಾಸದಲ್ಲಿ ಸುಭಾಷಿತ ಬರೆದು ಚೌಕಟ್ಟು ಹಾಕಿದ ಕೃತಿಗಳ ಬಗ್ಗೆ ಮಾತ್ರ ನನಗೆ ಅನುಮಾನ. ಅದೇ ಮಾತನ್ನು ಸಾದಾ ಹಾಳೆಯಲ್ಲಿ ಬೆರಳಚ್ಚು ಮಾಡಿದರೂ ಏನೂ ನಷ್ಟವಾಗದಿದ್ದರೆ, ಅಲ್ಲಿ ಚಿತ್ರಕ್ಕೆ ಕೆಲಸವಿಲ್ಲ.

ಈ ಕೃತಿಗಳನ್ನು ತೂಗುಹಾಕುವಾಗ ನಮಗಿರುವ ದೊಡ್ಡ ತೊಡಕು ಪಕ್ಕದ ವಿವರಣಾ ಫಲಕ. ಅದೂ ಪದಗಳಿಂದಲೇ ಆದದ್ದು, ಮೇಲಾಗಿ ಓದಲು ಸುಲಭ; ನೋಡುಗರು ಅದನ್ನು ಓದಿ, ವಿಷಯ ತಿಳಿಯಿತೆಂದು ಹೊರಟುಬಿಡುತ್ತಾರೆ. ಆದ್ದರಿಂದ ನಾನು ಫಲಕವನ್ನು ಕೃತಿಯನ್ನು ದಾಟಿದ ಮೇಲಷ್ಟೇ ಕಾಣುವ ಕಡೆ ಇಡಿಸುತ್ತೇನೆ. ಪದಗಳಿರುವ ಎರಡು ಕೃತಿಗಳನ್ನು ಒಂದೇ ನೋಟಕ್ಕೆ ಸಿಗುವಂತೆ ತೂಗುಹಾಕುವುದೂ ಇಲ್ಲ, ಏಕೆಂದರೆ ಕಣ್ಣು ಅವೆರಡನ್ನೂ ಸೇರಿಸಿ ಒಂದೇ ವಾಕ್ಯವಾಗಿ ಓದತೊಡಗುತ್ತದೆ.