ಪೀಟರ್ ಫೋರ್ಸ್‌ಬರ್ಗ್ 708 ಪಂದ್ಯಕ್ಕೇ ಯಾಕೆ ನಿಂತರು?

ಓದುಗರ ಪ್ರಶ್ನೆ: ಸ್ವೀಡನ್ನಿನ ಐಸ್ ಹಾಕಿ ಫಾರ್ವರ್ಡ್‌ಗಳಲ್ಲಿ ಯಾರು ದೊಡ್ಡವರು ಅಂದರೆ ತುಂಬಾ ಜನ ಪೀಟರ್ ಫೋರ್ಸ್‌ಬರ್ಗ್ ಹೆಸರು ಹೇಳ್ತಾರೆ. ಆದರೆ ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು 708 ಪಂದ್ಯ ಮಾತ್ರ. ಅದೇ ಕಾಲದ ಮ್ಯಾಟ್ಸ್ ಸುಂಡಿನ್ 1346 ಪಂದ್ಯ ಆಡಿದ್ದಾರೆ. ಫೋರ್ಸ್‌ಬರ್ಗ್ ಒರಟಾಗಿ ಆಡಿ ಮೈ ಹಾಳುಮಾಡಿಕೊಂಡರು ಅಂತ ಹೇಳೋದು ನಿಜವಾ?

ಈ ಪ್ರಶ್ನೆ ಪದೇ ಪದೇ ಬರುತ್ತೆ. ಉತ್ತರ ಮೊದಲೇ ಹೇಳಿಬಿಡ್ತೀನಿ. ಒರಟು ಆಟದಿಂದ ಅವರಿಗೆ ಪೆಟ್ಟಾಗಿದ್ದು ನಿಜ. ಆದರೆ ಆ ಪೆಟ್ಟುಗಳಿಂದೆಲ್ಲ ಅವರು ಎದ್ದು ಬಂದರು. ಎದ್ದು ಬರೋಕೆ ಆಗದೆ ಹೋಗಿದ್ದು ಒಂದೇ ಒಂದರಿಂದ, ಪಾದದಿಂದ. ಪಾದ ಸ್ಕೇಟ್ ಒಳಗೆ ಸರಿಯಾಗಿ ಕೂರಲಿಲ್ಲ. ಅಷ್ಟೇ ಅಂದರೆ ಅಷ್ಟೇ. ಆದರೆ ಅಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಆಟಗಾರನನ್ನು ಹೇಗೆ ನಿಲ್ಲಿಸಿತು ಅಂತ ತಿಳಿಯೋಕೆ ಅವರು ಹೇಗೆ ಆಡ್ತಿದ್ದರು ಅನ್ನೋದನ್ನು ನೋಡಬೇಕು.

ಫೋರ್ಸ್‌ಬರ್ಗ್ ಹುಟ್ಟಿದ್ದು 1973ರ ಜುಲೈ 20ರಂದು, ಉತ್ತರ ಸ್ವೀಡನ್ನಿನ ಓರ್ನ್‌ಶೋಲ್ಡ್ಸ್‌ವೀಕ್‌ನಲ್ಲಿ. ಸಮುದ್ರದ ದಡದ ಸಣ್ಣ ಊರು, ಕಾಗದ ಮತ್ತು ಮರದ ಕೆಲಸಕ್ಕೆ ಹೆಸರಾದ ಜಾಗ. ಅಲ್ಲಿನ ಹಾಕಿ ಕ್ಲಬ್ಬಿನ ಹೆಸರು ಮೋಡೋ. ಅದೂ ಒಂದು ಅರಣ್ಯ ಕಂಪನಿಯ ಹೆಸರಿನಿಂದ ಬಂದದ್ದು. ಅಪ್ಪ ಕೆಂಟ್ ಫೋರ್ಸ್‌ಬರ್ಗ್ ಕೋಚ್ ಆಗಿದ್ದರು, ಮುಂದೆ ರಾಷ್ಟ್ರೀಯ ತಂಡವನ್ನೂ ನಡೆಸಿದರು. ಪೀಟರ್ ಹುಟ್ಟಿದ ಹತ್ತೇ ದಿನಕ್ಕೆ ಅದೇ ಊರಿನಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ, ಮಾರ್ಕುಸ್ ನೆಸ್ಲುಂಡ್. ಇಬ್ಬರೂ ಮೋಡೋದಲ್ಲೇ ಬೆಳೆದರು. ಈ ನೆಸ್ಲುಂಡ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತಾರೆ.

1993ರ ಕಿರಿಯರ ವಿಶ್ವ ಟೂರ್ನಿಯಲ್ಲಿ ಫೋರ್ಸ್‌ಬರ್ಗ್ 7 ಪಂದ್ಯಗಳಲ್ಲಿ 31 ಪಾಯಿಂಟ್ ಮಾಡಿದರು. ಐಸ್ ಹಾಕಿಯಲ್ಲಿ ಗೋಲ್ ಹೊಡೆದರೆ ಒಂದು ಪಾಯಿಂಟ್. ಗೋಲಿಗೆ ಪಕ್, ಅಂದರೆ ಆಡುವ ಚಪ್ಪಟೆ ರಬ್ಬರ್ ಬಿಲ್ಲೆ, ಒದಗಿಸಿಕೊಟ್ಟರೂ ಒಂದು ಪಾಯಿಂಟ್, ಅದಕ್ಕೆ ಅಸಿಸ್ಟ್ ಅಂತಾರೆ. ಆ 31ರಲ್ಲಿ 24 ಅಸಿಸ್ಟ್! ಜೀವನವಿಡೀ ಅವರ ಲೆಕ್ಕ ಹೀಗೇ. ತಾನು ಹೊಡೆಯುವುದಕ್ಕಿಂತ ಇನ್ನೊಬ್ಬರಿಂದ ಹೊಡೆಸುವುದೇ ಜಾಸ್ತಿ.

ಅವರ ಹೆಸರು ಸ್ವೀಡನ್ನಿನ ಮನೆಮನೆಗೆ ಹೋಗಿದ್ದು ಮರುವರ್ಷ, 1994ರ ಫೆಬ್ರವರಿ 27ರಂದು. ಲಿಲ್ಲೆಹಾಮರ್ ಒಲಿಂಪಿಕ್ಸ್ ಫೈನಲ್, ಎದುರಿಗೆ ಕೆನಡಾ. ಪಂದ್ಯ 2–2. ಪೆನಾಲ್ಟಿ ಹೊಡೆತಗಳಲ್ಲೂ ಸಮ. ಮತ್ತೆ ಒಬ್ಬೊಬ್ಬರಾಗಿ ಹೊಡೆಯುವ ಹಂತ. ಫೋರ್ಸ್‌ಬರ್ಗ್ ಪಕ್ ಹಿಡಿದು ಬಂದರು. ಮೈಯನ್ನು ಎಡಕ್ಕೆ ಎಳೆದರು. ಗೋಲ್‌ಕೀಪರ್ ಕೋರಿ ಹರ್ಶ್ ಅವರ ಜೊತೆಗೇ ಸರಿದರು. ಅಷ್ಟರಲ್ಲಿ ಫೋರ್ಸ್‌ಬರ್ಗ್ ಕೋಲಿನಿಂದ ಒಂದು ಕೈ ಬಿಟ್ಟರು. ಇನ್ನೊಂದು ಕೈಯನ್ನು ಉದ್ದಕ್ಕೆ ಹಿಂದಕ್ಕೆ ಚಾಚಿ, ಖಾಲಿ ಬಿಟ್ಟ ಕಡೆಯಿಂದ ಪಕ್ಕನ್ನು ಮೆಲ್ಲಗೆ ತಳ್ಳಿದರು. ಗುಡಿಸಿ ಬಿಟ್ಟ ಹಾಗೆ, ಅಷ್ಟೇ ಮೆಲ್ಲಗೆ. ಆಮೇಲೆ ಕೆನಡಾದ ಪಾಲ್ ಕಾರಿಯಾ ಹೊಡೆತವನ್ನು ಸ್ವೀಡನ್ನಿನ ಗೋಲ್‌ಕೀಪರ್ ಟಾಮಿ ಸಾಲೋ ತಡೆದರು. ಐಸ್ ಹಾಕಿಯಲ್ಲಿ ಸ್ವೀಡನ್ನಿಗೆ ಅದು ಮೊದಲ ಒಲಿಂಪಿಕ್ ಚಿನ್ನ. ಸ್ವೀಡನ್ನಿನ ಅಂಚೆ ಇಲಾಖೆ ಆ ಗೋಲನ್ನೇ ಅಂಚೆಚೀಟಿ ಮಾಡಿತು. ತನ್ನ ಚಿತ್ರ ಹಾಕಲು ಹರ್ಶ್ ಒಪ್ಪಲಿಲ್ಲ. ಹಾಗಾಗಿ ಚೀಟಿಯಲ್ಲಿ ಗೋಲ್‌ಕೀಪರ್ ಅಂಗಿಯ ಬಣ್ಣವನ್ನೇ ಬದಲಿಸಿದರು.

ಆ ವಿಡಿಯೊ ಸಿಕ್ಕರೆ ಇನ್ನೊಂದು ಸಲ ನೋಡಿ. ಈ ಸಲ ಕೈ ನೋಡಬೇಡಿ, ಕಾಲು ನೋಡಿ. ಇಡೀ ಮೈ ಒಂದು ಕಡೆಗೆ ವಾಲಿದೆ, ಕೈ ಇನ್ನೊಂದು ಕಡೆಗಿದೆ. ಆದರೂ ಅವರು ಬೀಳೋದಿಲ್ಲ. ಕೆಳಗೆ ಸ್ಕೇಟಿನ ಅಂಚು ಐಸನ್ನು ಕಚ್ಚಿ ಹಿಡಿದಿರುತ್ತೆ.

ಈ ಅಂಚಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಇಡೀ ಕತೆ ನಿಂತಿರೋದು ಅದರ ಮೇಲೆ. ಹಾಕಿ ಸ್ಕೇಟಿನ ಕೆಳಗಿನ ಉಕ್ಕಿನ ಪಟ್ಟಿ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆ ಇರೋದಿಲ್ಲ. ಸಾಣೆ ಹಿಡಿಯುವಾಗ ಉದ್ದಕ್ಕೂ ನಡುವೆ ಸಣ್ಣ ಕಾಲುವೆಯಂತೆ ಕೊರೆಯುತ್ತಾರೆ. ಹಾಗಾಗಿ ಎರಡು ಬದಿಯಲ್ಲಿ ಎರಡು ಚೂಪು ಅಂಚು ಉಳಿಯುತ್ತೆ, ಒಂದು ಒಳಗಿನದು, ಒಂದು ಹೊರಗಿನದು. ಆಟಗಾರ ತಿರುಗುವುದು, ನಿಲ್ಲುವುದು, ಜಿಗಿಯುವುದು ಎಲ್ಲ ಈ ಎರಡರಲ್ಲಿ ಒಂದರ ಮೇಲೆ ಭಾರ ಬಿಟ್ಟು. ಪಾದ ಬೂಟಿನ ಒಳಗೆ ಬಿಗಿಯಾಗಿ, ನೇರವಾಗಿ ಕೂತಿದ್ದರೆ ಮಾತ್ರ ಬೇಕಾದ ಅಂಚು ಬೇಕಾದ ಕ್ಷಣಕ್ಕೆ ಸಿಗುತ್ತೆ. ಒಳಗೆ ಪಾದ ಕೊಂಚ ವಾಲಿದರೂ ಸಾಕು, ಉಕ್ಕೂ ವಾಲುತ್ತೆ.

ಫೋರ್ಸ್‌ಬರ್ಗ್ ಆಟವೆಲ್ಲ ಈ ಹಿಡಿತದ್ದೇ. ಅವರು ಸೆಂಟರ್, ಅಂದರೆ ಮೂವರು ಫಾರ್ವರ್ಡ್‌ಗಳಲ್ಲಿ ನಡುವಿನವರು. ಎದುರಾಳಿ ಗುದ್ದಲು ಬಂದರೆ ಬೇರೆಯವರು ಪಕ್ ಬಿಟ್ಟು ತಪ್ಪಿಸಿಕೊಳ್ಳುತ್ತಾರೆ. ಇವರು ತಪ್ಪಿಸಿಕೊಳ್ಳುತ್ತಿರಲಿಲ್ಲ. ಪಕ್ಕನ್ನು ಒಂದು ಕೈಯಲ್ಲಿ ದೂರ ಇಟ್ಟು, ಸೊಂಟ ತಗ್ಗಿಸಿ, ಗುದ್ದು ಬೀಳುವ ಅರೆ ಕ್ಷಣ ಮೊದಲು ತಾವೇ ಹಿಂದಕ್ಕೆ ಒರಗಿ ಅವನನ್ನು ಗುದ್ದುತ್ತಿದ್ದರು. ಗುದ್ದಲು ಬಂದವನೇ ಕೆಳಗೆ ಬೀಳುತ್ತಿದ್ದ. ಭುಜದ ಬಲ ಅಂತ ನೋಡಿದವರಿಗೆ ಅನಿಸುತ್ತೆ. ಬಲ ಬರುತ್ತಿದ್ದುದು ಕೆಳಗಿನಿಂದ.

1991ರಲ್ಲಿ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ ಅವರನ್ನು ಆರನೆಯವರಾಗಿ ಆರಿಸಿಕೊಂಡಿದ್ದು ಫಿಲಡೆಲ್ಫಿಯಾ ಫ್ಲೈಯರ್ಸ್. ಮರುವರ್ಷ ಎಳೆಯ ಆಟಗಾರ ಎರಿಕ್ ಲಿಂಡ್ರೋಸ್‌ಗಾಗಿ ನಡೆದ ದೊಡ್ಡ ಅದಲು ಬದಲಿನಲ್ಲಿ ಕ್ವಿಬೆಕ್ ನಾರ್ಡಿಕ್ಸ್‌ಗೆ ಕೊಟ್ಟುಬಿಟ್ಟರು. ಆ ಕಾಲಕ್ಕೆ ಲಿಂಡ್ರೋಸ್ ಹೆಸರಿನ ಮುಂದೆ ಉಳಿದವರೆಲ್ಲ ತೂಕಕ್ಕೆ ಹಾಕಿದ ಸಾಮಾನಿನಂತೆ ಕಂಡರು. ಆ ಸಾಮಾನಿನಲ್ಲೇ ಚಿನ್ನ ಇತ್ತು. 1995ರಲ್ಲಿ ಅವರಿಗೆ ವರ್ಷದ ಹೊಸ ಆಟಗಾರ ಪ್ರಶಸ್ತಿ ಬಂತು. ಅದೇ ವರ್ಷ ತಂಡ ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಆಯಿತು. 1995–96ರಲ್ಲಿ 82 ಪಂದ್ಯ, 116 ಪಾಯಿಂಟ್, ಜೊತೆಗೆ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟಾನ್ಲಿ ಕಪ್. ಲೀಗಿನ 82 ಪಂದ್ಯವನ್ನೂ ಅವರು ಪೂರ್ತಿ ಆಡಿದ್ದು ಆ ಒಂದೇ ವರ್ಷ.

ಈಗ ಪೆಟ್ಟುಗಳ ವಿಷಯಕ್ಕೆ ಬರೋಣ. 1999ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು, ಮುಂದಿನ ವರ್ಷ 49 ಪಂದ್ಯವಷ್ಟೇ. 2001ರ ಮೇ 9ರಂದು ಲಾಸ್ ಏಂಜಲೀಸ್ ವಿರುದ್ಧ ಪ್ಲೇಆಫ್ ಸರಣಿಯ, ಅಂದರೆ ಲೀಗ್ ಪಂದ್ಯಗಳು ಮುಗಿದ ಮೇಲೆ ಕಪ್ಪಿಗಾಗಿ ನಡೆಯುವ ಸುತ್ತಿನ, ಏಳನೇ ಪಂದ್ಯ ಗೆದ್ದರು. ರಾತ್ರಿ ಊಟಕ್ಕೆ ಹೋದಾಗ ಹೊಟ್ಟೆನೋವು ಶುರುವಾಯಿತು. ಆಸ್ಪತ್ರೆಗೆ ಕರೆದೊಯ್ದರೆ ಹೊಟ್ಟೆಯ ಒಳಗಿನ ಗುಲ್ಮ (ಸ್ಪ್ಲೀನ್) ಒಡೆದಿತ್ತು. ಅದೇ ರಾತ್ರಿ ಅದನ್ನು ತೆಗೆದರು. ಅವರಿಲ್ಲದೆಯೇ ತಂಡ ಆ ವರ್ಷ ಕಪ್ ಗೆದ್ದಿತು. ಮುಂದಿನ ಲೀಗ್ ಸೀಸನ್ನಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ, ಪಾದಕ್ಕೂ ಚಿಕಿತ್ಸೆ ಆಯಿತು. 2002ರ ಪ್ಲೇಆಫ್‌ಗೆ ನೇರವಾಗಿ ಬಂದು ಇಳಿದರು. ವರ್ಷವಿಡೀ ಪಂದ್ಯ ಆಡದ ಮನುಷ್ಯ 20 ಪಂದ್ಯಗಳಲ್ಲಿ 27 ಪಾಯಿಂಟ್ ಮಾಡಿ ಎಲ್ಲರಿಗಿಂತ ಮುಂದೆ ನಿಂತರು! ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇದೇ, ಲಿಲ್ಲೆಹಾಮರ್ ಗೋಲಿಗಿಂತಲೂ.

ಮರುವರ್ಷ ಇನ್ನೂ ಮೇಲೆ. 2002–03ರಲ್ಲಿ 106 ಪಾಯಿಂಟ್, ಲೀಗಿನಲ್ಲೇ ಮೊದಲ ಸ್ಥಾನ, ಜೊತೆಗೆ ಅತ್ಯಂತ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ. ಎರಡನೇ ಸ್ಥಾನದಲ್ಲಿ 104 ಪಾಯಿಂಟಿನೊಂದಿಗೆ ಇದ್ದವರು ಯಾರು ಗೊತ್ತಾ? ವ್ಯಾಂಕೂವರ್ ತಂಡದ ಮಾರ್ಕುಸ್ ನೆಸ್ಲುಂಡ್. ಜಗತ್ತಿನ ಅತಿ ಕಷ್ಟದ ಲೀಗಿನಲ್ಲಿ ಮೊದಲೆರಡು ಸ್ಥಾನ ಒಂದೇ ಸಣ್ಣ ಊರಿನ, ಒಂದೇ ಕ್ಲಬ್ಬಿನ, ಹತ್ತು ದಿನದ ಅಂತರದಲ್ಲಿ ಹುಟ್ಟಿದ ಇಬ್ಬರಿಗೆ. ಓರ್ನ್‌ಶೋಲ್ಡ್ಸ್‌ವೀಕ್‌ನಲ್ಲಿ ಆ ದಿನ ಹೇಗಿತ್ತೋ ನೋಡಬೇಕಿತ್ತು ಅನಿಸುತ್ತೆ.

ಹಾಗಾದರೆ ಗುದ್ದಿಸಿಕೊಂಡು ಮುಗಿದುಹೋದರು ಅನ್ನೋದು ಹೇಗೆ ಸರಿ? ಭುಜ ಹೋದರೂ, ಗುಲ್ಮ ಹೋದರೂ ಅವರು ಮೊದಲಿಗಿಂತ ಚೆನ್ನಾಗಿ ಆಡಿದರು.

ಪಾದದ ಕತೆ ಬೇರೆ. ಅದರ ಕೀಲು ಅತಿಯಾಗಿ ಸಡಿಲ ಇತ್ತು. ಬೂಟಿನ ಒಳಗೆ ಪಾದ ನೇರ ನಿಲ್ಲದೆ ವಾಲುತ್ತಿತ್ತು, ಬಲಗಾಲಿನಲ್ಲಿ ಜಾಸ್ತಿ. 2005ರಲ್ಲಿ ಫಿಲಡೆಲ್ಫಿಯಾಗೆ ಮರಳಿದರು. 2006ರ ಟೂರಿನ್ ಒಲಿಂಪಿಕ್ಸ್‌ನಲ್ಲಿ ಎರಡನೇ ಚಿನ್ನವೂ ಬಂತು. ಫೈನಲ್‌ನ ಮೂರನೇ ಅವಧಿ ಶುರುವಾಗಿ 10 ಸೆಕೆಂಡಿನಲ್ಲಿ ನಿಕ್ಲಾಸ್ ಲಿಡ್‌ಸ್ಟ್ರೋಮ್ ಗೆಲುವಿನ ಗೋಲ್ ಹೊಡೆದಾಗ ಪಕ್ ಒಳಗೆ ತಂದವರು ಇವರೇ. ಆ ವರ್ಷ ಪಾದದ ಕಮಾನನ್ನು ಸರಿಪಡಿಸಲು ಶಸ್ತ್ರಚಿಕಿತ್ಸೆ ಮಾಡಿಸಿದರು. ಸರಿಹೋಗಲಿಲ್ಲ. ಆಮೇಲೆ ಶುರುವಾಗಿದ್ದು ಬೂಟುಗಳ ಹುಡುಕಾಟ. ಒಂದು ಜೊತೆ ಹಾಕುವುದು, ಐಸಿಗೆ ಇಳಿಯುವುದು, ಹೊರಗೆ ಬಂದು ಬಿಚ್ಚುವುದು, ಇನ್ನೊಂದು ಜೊತೆ. ಒಳಗೆ ಅಲ್ಲಿಷ್ಟು ಇಲ್ಲಿಷ್ಟು ಮೆತ್ತೆ ಇಟ್ಟು ಮತ್ತೆ ನೋಡುವುದು.

ಮುರಿದ ಮೂಳೆ ಕೂಡುತ್ತೆ. ನೋವಿದ್ದರೆ ತಡೆದುಕೊಂಡು ಆಡಬಹುದು, ಅವರು ಎಷ್ಟೋ ಸಲ ಹಾಗೇ ಆಡಿದ್ದರು. ಆದರೆ ತಿರುಗುವಾಗ ಕೆಳಗೆ ಅಂಚು ಸಿಗುತ್ತೋ ಇಲ್ಲವೋ ಅನ್ನೋ ಅನುಮಾನ ಇದ್ದರೆ? ಹಿಂದಕ್ಕೆ ಒರಗಿ ಎದುರಾಳಿಯನ್ನು ತಡೆಯೋದು ಹೇಗೆ? ಬೇರೆ ಥರದ ಫಾರ್ವರ್ಡ್ ಆಗಿದ್ದರೆ, ದೂರ ನಿಂತು ಗೋಲಿಗೆ ಹೊಡೆಯುವವರಾಗಿದ್ದರೆ, ಇನ್ನೂ ನಾಲ್ಕೈದು ವರ್ಷ ಎಳೆಯಬಹುದಿತ್ತು ಅಂತ ನನಗನಿಸುತ್ತೆ. ಅವರಿಗೆ ಹಾಗೆ ಆಡೋಕೆ ಬರುತ್ತಿರಲಿಲ್ಲ.

2007ರಲ್ಲಿ ನ್ಯಾಶ್‌ವಿಲ್‌ಗೆ ಹೋದರು. 2008ರಲ್ಲಿ ಮತ್ತೆ ಕೊಲರಾಡೊ, 9 ಪಂದ್ಯ. ಆ ಒಂಬತ್ತರಲ್ಲೂ 14 ಪಾಯಿಂಟ್ ಅಂದರೆ ನೋಡಿ, ಕಾಲು ಮಾತು ಕೇಳಿದ ದಿನ ಆಟ ಹಾಗೇ ಇತ್ತು. ಒಟ್ಟು ಲೆಕ್ಕ 708 ಪಂದ್ಯಕ್ಕೆ 885 ಪಾಯಿಂಟ್, ಅಂದರೆ ಪಂದ್ಯಕ್ಕೆ ಒಂದೂಕಾಲು. ಒಲಿಂಪಿಕ್ ಚಿನ್ನ, ವಿಶ್ವ ಚಾಂಪಿಯನ್‌ಶಿಪ್, ಸ್ಟಾನ್ಲಿ ಕಪ್ ಮೂರೂ ಎರಡೆರಡು ಸಲ. 2014ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಪಂದ್ಯ ಕಡಿಮೆ ಆಯ್ತು ಅನ್ನೋದು ಅಡ್ಡ ಬರಲಿಲ್ಲ.

2011ರ ಫೆಬ್ರವರಿಯಲ್ಲಿ, 37ನೇ ವಯಸ್ಸಿನಲ್ಲಿ, ಕೊನೆಯ ಸಲ ಕೊಲರಾಡೊಗೆ ಬಂದರು. ಕಪ್ ಇತ್ತು, ಚಿನ್ನ ಇತ್ತು, ದುಡ್ಡೂ ಇತ್ತು. ಆದರೂ ಬಂದರು. ಶುಕ್ರವಾರ ಕೊಲಂಬಸ್‌ನಲ್ಲಿ ಒಂದು ಪಂದ್ಯ, ಶನಿವಾರ ನ್ಯಾಶ್‌ವಿಲ್‌ನಲ್ಲಿ ಇನ್ನೊಂದು. ಎರಡರಲ್ಲೂ ಪಾಯಿಂಟ್ ಇಲ್ಲ. ಸೋಮವಾರ, ಫೆಬ್ರವರಿ 14ರಂದು, ಪಾದ ಇನ್ನು ಆಗೋದಿಲ್ಲ ಅಂತ ಹೇಳಿ ಸ್ಕೇಟ್ ಬಿಚ್ಚಿಟ್ಟರು.